ಮೊದಲು ನಿಮ್ಮ ಕೈ

ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ಎಲ್ಲರಿಗಿಂತ ಸುಖವಾಗಿದ್ದದ್ದು ಒಂದು ಜೊತೆ ಕೈಗವಸು. ಸೀಸ ಬೆರೆಸಿದ ದಪ್ಪ ರಬ್ಬರಿನವು, ಮೊಣಕೈವರೆಗೆ ಬರುವಂಥವು, ಸೀಮೆಯಿಂದ ಹಡಗಿನಲ್ಲಿ ಬಂದವು. ಅವಕ್ಕೊಂದು ಗಾಜಿನ ಬಾಗಿಲಿನ ಬೀರು, ಆ ಬೀರುವಿಗೊಂದು ಬೀಗ. ತಿಂಗಳಿಗೊಮ್ಮೆ ಮೈಗೆ ಪೌಡರು ಹಚ್ಚಿಸಿಕೊಂಡು ಮತ್ತೆ ಮಲಗುತ್ತಿದ್ದವು. ಹಚ್ಚುತ್ತಿದ್ದವನು ನಾನು. ಆಸ್ಪತ್ರೆಯ ಕಮಿಟಿಯವರು ವರ್ಷಕ್ಕೊಮ್ಮೆ ಮೈಸೂರಿನಿಂದ ತನಿಖೆಗೆ ಬಂದಾಗ ಮೊದಲು ವಿಚಾರಿಸುತ್ತಿದ್ದದ್ದು ಅವುಗಳ ಯೋಗಕ್ಷೇಮವನ್ನೇ. ಹೊರಗೆ ತೆಗೆದು, ಬೆರಳು ಬೆರಳನ್ನೂ ಹಿಗ್ಗಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಪುಸ್ತಕದಲ್ಲಿ ‘ಹೊಸದರಂತೆಯೇ ಇವೆ’ ಎಂದು ಬರೆದು ನನ್ನ ಬೆನ್ನು ತಟ್ಟುತ್ತಿದ್ದರು. ನಾನು ಅಲ್ಲಿಯ ಎಕ್ಸ್‌ರೇ ಆಪರೇಟರ್. ನನಗೆ ಕಮಿಟಿಯಿಂದ ಸಿಕ್ಕ ಎರಡು ಹೊಗಳಿಕೆಗಳಲ್ಲಿ ಇದು ಒಂದು. ಇನ್ನೊಂದರ ವಿಷಯ ಮುಂದೆ ಹೇಳುತ್ತೇನೆ.

ಆಸ್ಪತ್ರೆ ಇದ್ದದ್ದು ಹುಣಸೂರಿನಲ್ಲಿ. ದಾನಿಗಳ ದುಡ್ಡಿನಲ್ಲಿ ನಡೆಯುತ್ತಿದ್ದ ಸಣ್ಣ ಧರ್ಮಾಸ್ಪತ್ರೆ, ಈಗ ಅದರ ಕಟ್ಟಡವೂ ಇಲ್ಲ. ಅಲ್ಲಿಗೆ ಎಕ್ಸ್‌ರೇ ಮಿಷನ್ನು ಬಂದದ್ದು ಒಂದು ಕುದುರೆಯ ದಯದಿಂದ. ಕೊಡಗಿನ ಒಬ್ಬ ಕಾಫಿ ತೋಟದ ದೊರೆ ಕುದುರೆಯಿಂದ ಬಿದ್ದು, ಮುರಿದ ಕಾಲನ್ನು ಗಾಡಿಯಲ್ಲಿ ಚಾಚಿಕೊಂಡು ಮೈಸೂರು ಮುಟ್ಟುವವರೆಗೂ ದಾರಿಯ ಒಂದೊಂದು ಊರಿಗೂ ಬೈದನಂತೆ. ವಾಸಿಯಾಗಿ ಸೀಮೆಗೆ ಹೊರಡುವಾಗ, ಇನ್ನೊಬ್ಬರಿಗೆ ಈ ಪಾಡು ಬೇಡವೆಂದು, ಎಲ್ಲೋ ಬಳಸಿ ಬಿಟ್ಟಿದ್ದ ಮಿಷನ್ನೊಂದನ್ನು ಕೊಂಡು ನಮ್ಮ ಆಸ್ಪತ್ರೆಗೆ ದಾನ ಕೊಟ್ಟ. ಜೊತೆಗೆ ಆ ಕೈಗವಸು. ಅದನ್ನು ನಡೆಸುವ ಮನುಷ್ಯನನ್ನು ಕೊಡುವುದು ಮಾತ್ರ ಮರೆತ.

ಆ ಕೊರತೆಯನ್ನು ಕಮಿಟಿಯವರು ನನ್ನಿಂದ ತುಂಬಿಸಿದರು. ನಾನು ಕೃಷ್ಣರಾಜನಗರದ ಕಡೆಯ ಒಕ್ಕಲು ಮನೆಯವನು. ಎಲ್.ಎಸ್. ಪರೀಕ್ಷೆ ಪಾಸು ಮಾಡಿದ ತಪ್ಪಿಗೆ ಮನೆಯಲ್ಲಿ ಯಾರೂ ನೇಗಿಲು ಮುಟ್ಟಲು ಬಿಡುತ್ತಿರಲಿಲ್ಲ, ಹೊರಗೆ ಯಾರೂ ಗುಮಾಸ್ತೆ ಕೆಲಸ ಕೊಡುತ್ತಿರಲಿಲ್ಲ. ಮೈಸೂರಿನಲ್ಲಿ ಆರು ತಿಂಗಳು ಕಲಿಸಿ ನನ್ನನ್ನು ಹುಣಸೂರಿಗೆ ಕಳಿಸಿದರು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕಿಗೆ ಒಂದು ಮಿಷನ್ನು, ಒಬ್ಬ ಆಪರೇಟರ್. ಸದ್ಯಕ್ಕೆ ಸುಧಾರಿಸಿಕೊಂಡು ಹೋಗಿ, ಸಹಾಯಕನನ್ನು ಬೇಗ ಕಳಿಸುತ್ತೇವೆ ಎಂದರು ಕಾರ್ಯದರ್ಶಿಗಳು. ಆ ಸಹಾಯಕ ಇನ್ನೂ ದಾರಿಯಲ್ಲಿದ್ದಾನೆ.

ಮೊದಲನೇ ದಿನವೇ ನಾನೊಂದು ಜಾಣತನ ಮಾಡಿದೆ. ನನ್ನ ಮುಂದಿನ ಕಥೆಯೆಲ್ಲ ಆ ಜಾಣತನದ ಫಲ.

ಹನಗೋಡಿನಿಂದ ಒಬ್ಬ ಗೌಡಮ್ಮ ಬಂದಿದ್ದಳು. ಕಣದಲ್ಲಿ ಜಾರಿ ಬಿದ್ದು ಮುಂಗೈ ಊದಿಸಿಕೊಂಡಿದ್ದಳು. ಕೋಣೆಯ ಕಿಟಕಿಗಳಿಗೆಲ್ಲ ಕರಿ ಕಂಬಳಿ ಹೊಡೆದಿತ್ತು. ಮಿಷನ್ನಿನ ಪರದೆಯ ಮೇಲೆ ಮೂಳೆ ಕಾಣಬೇಕಾದರೆ ಕೋಣೆ ಕಗ್ಗತ್ತಲಾಗಿರಬೇಕು, ನೋಡುವವನ ಕಣ್ಣೂ ಕತ್ತಲೆಗೆ ಒಗ್ಗಿರಬೇಕು. ಅದಕ್ಕೇ ಪರದೆ ನೋಡದ ಹೊತ್ತಿನಲ್ಲೆಲ್ಲ ನಾನು ಕೆಂಪು ಗಾಜಿನ ಕನ್ನಡಕ ಹಾಕಿಕೊಂಡು ಕೂತಿರುತ್ತಿದ್ದೆ. ಕತ್ತಲೆ ಕೋಣೆ, ಗುಂಯ್‌ಗುಡುವ ಮಿಷನ್ನು, ಕೆಂಪು ಕಣ್ಣಿನ ಒಬ್ಬ ಗಂಡಸು. ಗೌಡಮ್ಮ ಹೊಸ್ತಿಲಲ್ಲೇ ನಿಂತಳು. ಎಷ್ಟು ಹೇಳಿದರೂ ಕಾಲು ಒಳಗಿಡಲಿಲ್ಲ. ಕೊನೆಗೆ ಅವಳೇ ಒಂದು ಕರಾರು ಹಾಕಿದಳು.

“ಮೊದ್ಲು ನಿಮ್ ಕೈ ತೋರ್ಸಪ್ಪ. ಆಮ್ಯಾಕೆ ನಂದು.”

ನ್ಯಾಯವಾದ ಮಾತೇ. ನಮ್ಮ ಹಳ್ಳಿಗಳಲ್ಲಿ ನಾಟಿ ಔಷಧಿ ಕೊಡುವವನು ತಾನು ಒಂದು ಗುಟುಕು ಕುಡಿದು ತೋರಿಸಿಯೇ ಲೋಟ ಮುಂದೆ ಚಾಚುವುದು. ಕುಡಿಯದವನ ಔಷಧಿಯನ್ನು ಯಾರೂ ಮುಟ್ಟುವುದಿಲ್ಲ. ನಾನು ಕನ್ನಡಕ ತೆಗೆದು, ಎಡಗೈಯನ್ನು ಪರದೆಯ ಹಿಂದಕ್ಕೆ ಹಾಕಿ, ಕಾಲಿನಲ್ಲಿ ಸ್ವಿಚ್ಚು ಒತ್ತಿದೆ. ತಿಳಿಹಸಿರು ಬೆಳಕಿನಲ್ಲಿ ನನ್ನ ಐದು ಬೆರಳ ಮೂಳೆಗಳು ಕಂಡವು. ಉಂಗುರದ ಬೆರಳಿನಲ್ಲಿ ಕಪ್ಪಗೆ ಒಂದು ಬಳೆಯೂ ಕಂಡಿತು. ಮದುವೆಯಲ್ಲಿ ಮಾವನವರು ಅಳತೆಯಲ್ಲೂ ಉಳಿತಾಯ ಮಾಡಿ ತಂದಿದ್ದರಿಂದ ಬಲಗೈಗೆ ಹಿಡಿಸದೆ ಎಡಗೈಗೆ ಬಂದ ಉಂಗುರ ಅದು. ಗೌಡಮ್ಮ ಹತ್ತಿರ ಬಂದು ಬಗ್ಗಿ ನೋಡಿದಳು. ಬೆರಳು ಮಡಚಲು ಹೇಳಿದಳು, ಮಡಚಿದೆ. ಬಿಚ್ಚಲು ಹೇಳಿದಳು, ಬಿಚ್ಚಿದೆ.

“ಆಯ್ತು ಬುಡಿ, ನಿಮ್ದೂ ನಮ್ಮಂಗೇ ಅದೆ” ಎಂದು ಅವಳು ತನ್ನ ಕೈಯನ್ನು ಧೈರ್ಯವಾಗಿ ಕೊಟ್ಟಳು.

ಆವತ್ತು ಮನೆಗೆ ಹೋಗಿ ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡೆ. ಮೈಸೂರಿನಲ್ಲಿ ಕಲಿಸದ ವಿದ್ಯೆಯನ್ನು ನಾನೇ ಕಂಡುಹಿಡಿದೆ ಎಂದೆ.

ಗೌಡಮ್ಮ ಊರಿಗೆ ಹೋಗಿ ಸುಮ್ಮನಿರಲಿಲ್ಲ. ಎಕ್ಸ್‌ರೇ ಮಾಡುವವನು ಮೊದಲು ತನ್ನ ಕೈ ತೋರಿಸುತ್ತಾನೆ, ನೋಡಿಕೊಂಡೇ ಒಳಗೆ ಹೋಗಬೇಕು ಎನ್ನುವ ಮಾತು ಒಂದೆರಡು ತಿಂಗಳಲ್ಲಿ ಹನಗೋಡಿನಿಂದ ಹೊರಟು ಹೆಗ್ಗಡದೇವನಕೋಟೆಯ ಕಾಡಂಚಿನವರೆಗೂ, ಅತ್ತ ಹೊಸ ಅಗ್ರಹಾರದವರೆಗೂ ಹಬ್ಬಿತು. ಅಲ್ಲಿಂದ ಮುಂದೆ ಅದು ಸಂಪ್ರದಾಯ. ಬಂದವರೆಲ್ಲ ಮೊದಲು ನನ್ನ ಕೈ ಕೇಳುವವರೇ. ಒಬ್ಬ ರೋಗಿಯ ಜೊತೆ ಮನೆಮಂದಿ ನಾಲ್ಕೈದು ಜನ ಇರುತ್ತಿದ್ದರು. ಅವರಿಗೆಲ್ಲ ಸರದಿಯ ಮೇಲೆ ದರ್ಶನ ಆಗಬೇಕು. ಮುಷ್ಟಿ ಹಿಡಿಯಿರಿ, ಹೆಬ್ಬೆರಳು ಆಡಿಸಿ, ತಿರುಗಿಸಿ. ಸರಿಯಾಗಿ ಕಾಣಲಿಲ್ಲ, ಇನ್ನೊಂದು ಸಲ. ರೋಗಿಯ ಎದೆ ನೋಡಲು ಹಿಡಿಯುತ್ತಿದ್ದ ಹೊತ್ತಿಗಿಂತ ನನ್ನ ಕೈ ನೋಡಲು ಹಿಡಿಯುತ್ತಿದ್ದ ಹೊತ್ತು ಹೆಚ್ಚು. ನಾಲ್ಕು ತಾಲ್ಲೂಕಿನಲ್ಲಿ ನನ್ನ ಮುಖ ಗುರುತಿಲ್ಲದವರಿಗೂ ನನ್ನ ಎಡಗೈ ಮೂಳೆಗಳ ಗುರುತಿತ್ತು.

ಇದಕ್ಕೆ ಇನ್ನೊಂದು ನಂಬಿಕೆ ಬಂದು ಅಂಟಿಕೊಂಡಿತು. ಆ ಬೆಳಕು ನೋಡುವುದಕ್ಕೆ ಮಾತ್ರ ಅಲ್ಲ, ಕಾಯಿಲೆ ವಾಸಿ ಮಾಡುವುದಕ್ಕೇ ಇರುವುದು ಎಂದು ಜನ ತೀರ್ಮಾನಿಸಿದರು. ಒಳಗೆ ಅಡಗಿ ಕೂತ ಕಾಯಿಲೆಯನ್ನು ನಾಲ್ಕು ಜನರ ಮುಂದೆ ಬೆಳಕಿಗೆ ಹಿಡಿದರೆ ಅದಕ್ಕೆ ನಾಚಿಕೆಯಾಗಿ ಬಿಟ್ಟುಹೋಗುತ್ತದಂತೆ. ಪಿರಿಯಾಪಟ್ಟಣದ ಒಬ್ಬರಿಗೆ ಹಾಗೆ ಹೊಟ್ಟೆನೋವು ಹೋಯಿತಂತೆ. ಆಮೇಲೆ ಕೇಳಬೇಕೆ? ತಲೆನೋವು, ಮಂಡಿನೋವು, ಬಿಕ್ಕಳಿಕೆ, ಅತ್ತೆ ಮನೆಯಲ್ಲಿ ಊಟ ಸೇರದ್ದು, ಎಲ್ಲಕ್ಕೂ ‘ಬೆಳಕು ಹಿಡಿಸಿಕೊಂಡು ಬರುವುದು’ ಶುರುವಾಯಿತು. ಸಂತೆಯ ದಿನವಂತೂ ಗಾಡಿ ಬಿಚ್ಚಿ, ಎತ್ತು ಕಟ್ಟಿ, ಮೆಣಸಿನಕಾಯಿ ಕೊಳ್ಳುವುದಕ್ಕೆ ಮುಂಚೆ ನಮ್ಮಲ್ಲಿಗೆ ಬಂದು ಸಾಲು ನಿಲ್ಲುತ್ತಿದ್ದರು.

ನಮ್ಮ ಡಾಕ್ಟರು ಒಳ್ಳೆಯ ಮನುಷ್ಯರು. ಮೈಸೂರಿನವರು, ಕೋಪವೇ ಬಾರದವರು, ಯಾರಿಗೂ ಇಲ್ಲ ಎನ್ನದವರು. ಎಲ್ಲರಿಗೂ ಚೀಟಿ ಬರೆದುಕೊಟ್ಟು ಎಕ್ಸ್‌ರೇ ಕೋಣೆಗೆ ಕಳಿಸುತ್ತಿದ್ದರು. ಮೊದಮೊದಲು ಅವರೂ ಬಂದು ಪರದೆ ನೋಡುತ್ತಿದ್ದರು. ಕತ್ತಲಲ್ಲಿ ಕೂತರೆ ತಮಗೆ ತಲೆ ಭಾರವಾಗುತ್ತದೆಂದು ತಿಳಿದ ಮೇಲೆ, ಕಂಡದ್ದನ್ನು ನೀನೇ ಬರೆದುಕೊಡಯ್ಯ, ನಾನು ನೋಡಿ ಹೇಳುತ್ತೇನೆ ಎಂದು ತಮ್ಮ ಕೋಣೆಯ ಬೆಳಕಿನಲ್ಲಿ ಕೂತರು. ನನ್ನ ತಲೆ ಭಾರವಾಗುತ್ತದೆಯೇ ಎಂದು ಕೇಳಬೇಕೆಂದು ಅವರಿಗೆ ತೋಚಲಿಲ್ಲ. ನಾಲ್ಕು ತಾಲ್ಲೂಕಿನ ಜನ ನಮ್ಮನ್ನು ಹುಡುಕಿಕೊಂಡು ಬರುತ್ತಾರಲ್ಲ ಎನ್ನುವ ಸಂತೋಷ ಅವರ ಮುಖದಲ್ಲಿ ಯಾವಾಗಲೂ ಇರುತ್ತಿತ್ತು. ಬರುವ ಜನವನ್ನು ಅರ್ಧಕ್ಕೆ ಇಳಿಸಿ ಎಂದು ಒಮ್ಮೆ ಬೇಡಿಕೊಂಡೆ. ಕಷ್ಟದಲ್ಲಿರುವವರನ್ನು ವಾಪಸು ಕಳಿಸುವುದು ಹೇಗಯ್ಯ ಎಂದು ಅವರು ಮರುಗಿದರು. ಯಾರ ಕಷ್ಟ ಎಂದು ನಾನು ಕೇಳಲಿಲ್ಲ.

ಆಮೇಲೆ ಯುದ್ಧ ಬಂತು. ಸೀಮೆಯಿಂದ ಫಿಲ್ಮು ಬರುವುದು ಹೆಚ್ಚುಕಡಿಮೆ ನಿಂತೇಹೋಯಿತು. ಒಂದು ಚಿತ್ರ ತೆಗೆದು ಡಾಕ್ಟರ ಮೇಜಿಗೆ ಕಳಿಸಿ ಕೈ ತೊಳೆದುಕೊಳ್ಳುವ ಹಾಗಿಲ್ಲ, ಎಲ್ಲರನ್ನೂ ಪರದೆಯ ಮೇಲೆಯೇ ನೋಡಬೇಕು. ಪೆಟ್ರೋಲು ಸಿಗದೆ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸುಗಳು ಕೆಮ್ಮುತ್ತಾ ಬಂದು, ಕೆಮ್ಮುವ ಜನರನ್ನು ಆಸ್ಪತ್ರೆಯ ಮುಂದೆ ಇಳಿಸಿ ಹೋಗುತ್ತಿದ್ದವು. ನಾನು ಬೆಳಗ್ಗೆ ಕತ್ತಲೆಯೊಳಗೆ ಹೋದರೆ ಮಧ್ಯಾಹ್ನ ಊಟಕ್ಕೆ ಹೊರಗೆ ಬರುತ್ತಿದ್ದೆ. ಊಟದಲ್ಲೂ ಕೆಂಪು ಕನ್ನಡಕ ತೆಗೆಯುವ ಹಾಗಿಲ್ಲ, ತೆಗೆದರೆ ಮತ್ತೆ ಕಣ್ಣು ಒಗ್ಗಲು ಅರ್ಧ ಗಂಟೆ ಬೇಕು. ಎಷ್ಟೋ ವರ್ಷ ನಾನು ಮಧ್ಯಾಹ್ನದ ಹೊತ್ತು ಕೆಂಪು ಮುದ್ದೆಯನ್ನು ಕೆಂಪು ಸೊಪ್ಪಿನ ಸಾರಿನಲ್ಲಿ ಅದ್ದಿ ನುಂಗಿದ್ದೇನೆ.

ದಣಿವು ಎಂದರೆ ಮೈ ನೋಯುವುದು ಎಂದುಕೊಂಡಿದ್ದೆ. ಗದ್ದೆ ಕೆಲಸದ ದಣಿವು ಹಾಗೆಯೇ, ಉಂಡು ಮಲಗಿದರೆ ಹೋಗುತ್ತದೆ. ಇದು ಅಂಥದಲ್ಲ. ಮೊದಲು ಹೋದದ್ದು ಕರುಣೆ. ಹೆಗ್ಗಡದೇವನಕೋಟೆ ಕಡೆಯ ಒಬ್ಬ ಮುದುಕ ಪರದೆಯ ಹಿಂದೆ ನಿಂತು, ಸತ್ತ ಮಗನ ವಿಷಯ ಹೇಳಿಕೊಂಡು ಅಳುತ್ತಿದ್ದ. ಅತ್ತರೆ ಎದೆ ಅಲುಗುತ್ತದೆ, ಅಲುಗಿದರೆ ಚೆನ್ನಾಗಿ ಕಾಣುವುದಿಲ್ಲ. ನಾನು ‘ಉಸಿರು ಹಿಡಿ’ ಎಂದು ಗದರಿಸಿದೆ. ಅವನು ಅಳುವುದನ್ನು ನಿಲ್ಲಿಸಿ ಉಸಿರು ಹಿಡಿದ. ನನಗೆ ಏನೂ ಅನ್ನಿಸಲಿಲ್ಲ. ಏನೂ ಅನ್ನಿಸಲಿಲ್ಲವಲ್ಲ ಎಂದು ಮನೆಗೆ ಬಂದ ಮೇಲೆ ಹೆದರಿಕೆಯಾಯಿತು. ಆಮೇಲಾಮೇಲೆ ಹೆದರಿಕೆಯೂ ಆಗಲಿಲ್ಲ. ದೇವಸ್ಥಾನದಲ್ಲಿ ತೀರ್ಥ ಕೊಡಲು ಬಗ್ಗಿದ ಅರ್ಚಕರಿಗೆ ಅಭ್ಯಾಸಬಲದಿಂದ ‘ಉಸಿರು ಹಿಡೀರಿ’ ಎಂದುಬಿಟ್ಟೆ. ಪಾಪ, ಅವರೂ ಹಿಡಿದರು. ಎದುರಿಗೆ ಬಂದವರ ಮುಖ ನೋಡುವುದು ಬಿಟ್ಟು ಕಾಲರಿನ ಮೂಳೆ ಎಲ್ಲಿರಬಹುದೆಂದು ನೋಡುವ ಚಾಳಿ ಬಂತು. ನನ್ನ ಮಗಳು ಒಮ್ಮೆ ಹೊಸ ಲಂಗ ಹಾಕಿಕೊಂಡು ಬಂದು ಮುಂದೆ ನಿಂತಳು. ಇವಳ ಎಡ ಭುಜ ಸ್ವಲ್ಪ ಇಳಿದಿದೆಯಲ್ಲ ಎಂದು ಯೋಚಿಸುತ್ತಾ ಕೂತೆ. ಲಂಗದ ಬಣ್ಣ ಯಾವುದೆಂದು ಇವತ್ತಿಗೂ ನೆನಪಿಲ್ಲ, ಅದಕ್ಕೆ ನನಗೆ ಈಗಲೂ ಸಂಕಟವಿದೆ.

ಬೀರುವಿನಲ್ಲಿದ್ದ ಕೈಗವಸು ಹಾಕಿಕೊಳ್ಳಬಾರದಿತ್ತೇ ಎಂದು ಓದಿದವರು ಕೇಳುತ್ತಾರೆ. ಹಾಕಿಕೊಂಡಿದ್ದೆ. ಆ ಬೆಳಕಿನಿಂದ ಕೈ ಕಾಯುವುದಕ್ಕೆಂದೇ ಅವನ್ನು ಮಾಡಿರುವುದು ಎಂದು ಮೈಸೂರಿನಲ್ಲಿ ಹೇಳಿಕೊಟ್ಟಿದ್ದರು. ತೊಂದರೆ ಏನೆಂದರೆ, ಸೀಸದ ಗವಸಿನೊಳಗಿನ ಕೈ ಪರದೆಯ ಮೇಲೆ ಬರೀ ಕರಿ ಮುದ್ದೆಯಾಗಿ ಕಾಣುತ್ತಿತ್ತು. ಮೂಳೆ ತೋರಿಸದ ಕೈಯನ್ನು ಯಾರು ನಂಬುತ್ತಾರೆ? ಗವಸು ಹಾಕಿದ ದಿನ ಪಿರಿಯಾಪಟ್ಟಣದಿಂದ ಬಂದಿದ್ದ ಒಂದು ಇಡೀ ಬಸ್ಸಿನ ಜನ ಹೊಸ್ತಿಲಿನಿಂದ ವಾಪಸು ಹೋದರು. ಇವನೇ ಹೆದರಿ ಚರ್ಮ ಹೊದ್ದುಕೊಂಡವ್ನೆ, ನಮ್ಮನ್ನು ಬರಿಮೈಲಿ ನಿಲ್ಲಿಸ್ತಾನೆ ಎಂದರಂತೆ. ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಡಾಕ್ಟರು ನೊಂದುಕೊಂಡರು. ಗವಸು ಬೀರುವಿಗೆ ಹೋದವು.

ಏಳನೆಯ ವರ್ಷದ ಹೊತ್ತಿಗೆ ಎಡಗೈ ಒಣಗತೊಡಗಿತು. ಉಗುರುಗಳಲ್ಲಿ ಉದ್ದಕ್ಕೆ ಗೀರು ಬಿದ್ದು ಸೀಳಿದವು. ಹಿಂಗೈ ಚರ್ಮ ಹೊಳಪಾಗಿ ಬಿಗಿದುಕೊಂಡು, ಬೆರಳು ಮಡಚಿದರೆ ಬಿರಿಯುತ್ತಿತ್ತು. ಹೆಂಡತಿ ಮೊದಲು ಕೊಬ್ಬರಿ ಎಣ್ಣೆ ಹಚ್ಚಿದಳು, ಆಮೇಲೆ ಹರಳೆಣ್ಣೆ, ಆಮೇಲೆ ಬೆಣ್ಣೆ. ಕೊನೆಕೊನೆಗೆ ಬೆರಳ ತುದಿಗೆ ಬೆಣ್ಣೆಯ ತಣುಪೂ ತಿಳಿಯುತ್ತಿರಲಿಲ್ಲ. ಉಂಗುರದ ಬೆರಳಿನ ಗಂಟಿನ ಮೇಲೆ ಒಂದು ಸಣ್ಣ ಹುಣ್ಣು ಎದ್ದು, ವಾಸಿಯಾಗುವುದೇ ಇಲ್ಲ ಎಂದು ಹಟ ಹಿಡಿದು ಕೂತಿತು. ಬೆರಳು ಊದಿ, ಉಂಗುರವನ್ನು ಅಕ್ಕಸಾಲಿಗನ ಹತ್ತಿರ ಕತ್ತರಿಸಿಯೇ ತೆಗೆಸಬೇಕಾಯಿತು.

ಹೆಂಡತಿ ಆ ಎರಡು ತುಂಡುಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಮನೆಗೆ ಬಂದ ಮೇಲೆ ಹೇಳಿದಳು: “ಆ ಕ್ಯಾಮೆ ಬುಟ್ಬುಡಿ ಕಣ್ರೀ. ಉಣ್ಣಾಕೆ ನಮ್ಮೂರಲ್ಲಿ ರಾಗಿ ಅವೆ. ಕೈ ಎಲ್ಲಿಂದ ತರಾನ?”

ಬಿಡಬಹುದಿತ್ತು. ಬಿಡಲಿಲ್ಲ. ನಾನಿಲ್ಲದಿದ್ದರೆ ನಾಲ್ಕು ತಾಲ್ಲೂಕು ಏನಾಗಬೇಕು ಎನ್ನುವ ದೊಡ್ಡಸ್ತಿಕೆ ತಲೆಗೆ ಹತ್ತಿತ್ತು. ಆ ರೋಗಕ್ಕೆ ಯಾವ ಬೆಳಕೂ ಹಿಡಿಯುವುದಿಲ್ಲ.

ಬಿಡುವ ಬದಲು ರಜಾ ಅರ್ಜಿ ಬರೆದೆ. ಆರು ತಿಂಗಳು ರಜೆ ಕೊಡಿ, ಕೈ ವಾಸಿಯಾಗಲಿ, ಅಷ್ಟು ದಿನಕ್ಕೆ ಬದಲಿ ಆಳನ್ನು ಕಳಿಸಿ ಎಂದು ಕಮಿಟಿಗೆ ಬರೆದುಕೊಂಡೆ. ಕಾರ್ಯದರ್ಶಿಗಳಿಂದ ತಡಮಾಡದೆ ಉತ್ತರ ಬಂತು. ಕೈಗೆ ತೊಂದರೆಯಾಗಿದೆ ಎಂಬುದಕ್ಕೆ ಆಧಾರ ಬೇಕು, ಆದ್ದರಿಂದ ಸದರಿ ಕೈಯ ಎಕ್ಸ್‌ರೇ ತೆಗೆಸಿ ಲಗತ್ತಿಸತಕ್ಕದ್ದು.

ಹುಣಸೂರಿನಲ್ಲಿ ಎಕ್ಸ್‌ರೇ ತೆಗೆಯುವವನು ಯಾರು? ನಾನು. ಯಾರದು ತೆಗೆಯಬೇಕು? ನನ್ನದು. ಕಪಾಟಿನಲ್ಲಿ ಉಳಿದಿದ್ದ ನಾಲ್ಕೋ ಐದೋ ಫಿಲ್ಮಿನಲ್ಲಿ ಒಂದನ್ನು ತೆಗೆದು ಮೇಜಿನ ಮೇಲಿಟ್ಟೆ. ಅದರ ಮೇಲೆ ಎಡಗೈ ಇಟ್ಟೆ. ಅಲುಗಬಾರದೆಂದು ನನಗೆ ನಾನೇ ಹೇಳಿಕೊಂಡು, ಉಸಿರು ಹಿಡಿದು, ಸ್ವಿಚ್ಚು ಒತ್ತಿದೆ. ನಾನೇ ತೊಳೆದೆ, ನಾನೇ ಒಣಗಿಸಿದೆ. ರಿಜಿಸ್ಟರಿನಲ್ಲಿ ರೋಗಿಯ ಕಾಲಂನಲ್ಲಿ ನನ್ನ ಹೆಸರು ಬರೆದೆ, ಆಪರೇಟರ್ ಕಾಲಂನಲ್ಲೂ ಅದನ್ನೇ ಬರೆದೆ. ಆ ದಿನ ನನಗೆ ಒಂದು ಅನುಕೂಲವಾಯಿತು. ಕೈ ತೋರಿಸು ಎಂದು ರೋಗಿ ಕೇಳಲಿಲ್ಲ.

ಡಾಕ್ಟರು ಫಿಲ್ಮನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮೂಳೆಗಳೆಲ್ಲ ಸರಿಯಾಗಿದ್ದವು. ಇರದೆ ಏನು, ಹುಣ್ಣಿದ್ದದ್ದು ಚರ್ಮದಲ್ಲಿ, ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಕಮಿಟಿ ಕೇಳಿದ್ದು ಎಕ್ಸ್‌ರೇ, ಕಂಡದ್ದನ್ನು ತಾನೇ ಬರೆಯಬೇಕು ಎಂದು ಅವರು ‘ಮೂಳೆಗಳು ಸ್ವಸ್ಥವಾಗಿವೆ’ ಎಂದು ಬರೆದು ಸಹಿ ಹಾಕಿದರು. ಚರ್ಮದ ವಿಷಯ ಬೇರೆ ಕಾಗದದಲ್ಲಿ ಬರೆಯುತ್ತೇನೆ ಎಂದರು. ಆ ಕಾಗದವೂ ನನ್ನ ಸಹಾಯಕನ ಜೊತೆ ದಾರಿಯಲ್ಲೇ ಇರಬೇಕು.

ಒಂದು ತಿಂಗಳಿಗೆ ಕಮಿಟಿಯ ಆಜ್ಞೆ ಬಂತು. ಮೂಳೆಗಳು ಸುಸ್ಥಿತಿಯಲ್ಲಿರುವುದು ಕಂಡುಬಂದಿರುವುದರಿಂದ ರಜೆಯ ಅಗತ್ಯವಿಲ್ಲ. ಯುದ್ಧಕಾಲದಲ್ಲಿ ಫಿಲ್ಮುಗಳನ್ನು ಸಿಬ್ಬಂದಿ ಸ್ವಂತಕ್ಕೆ ಬಳಸದಿರುವುದು ಒಳ್ಳೆಯದು. ಚಿತ್ರ ಬಹಳ ಸ್ಪಷ್ಟವಾಗಿ ಬಂದಿದೆ, ಆಪರೇಟರರ ಕೌಶಲ ಮೆಚ್ಚತಕ್ಕದ್ದು. ನನಗೆ ಸಿಕ್ಕ ಎರಡನೆಯ ಹೊಗಳಿಕೆ ಇದೇ.

ಮೆಚ್ಚುಗೆ ಬಂದ ಮೇಲೆ ಇನ್ನೂ ಒಂದು ವರ್ಷ ಕೈ ತೋರಿಸಿದೆ. ಹುಣ್ಣು ಪಕ್ಕದ ಕಿರುಬೆರಳಿಗೂ ಹರಡಿ, ರಸಿಕೆ ಕಟ್ಟಿ, ರೋಗಿಗಳೇ ಮೂಗು ಮುಚ್ಚಿಕೊಳ್ಳುವ ಹಾಗಾದಾಗ ಡಾಕ್ಟರು ತಾವೇ ಕಾರು ಮಾಡಿಸಿ ನನ್ನನ್ನು ಮೈಸೂರಿನ ಒಬ್ಬ ಸರ್ಜನ್ನರ ಹತ್ತಿರ ಕರೆದುಕೊಂಡು ಹೋದರು. ಸರ್ಜನ್ನರು ಕೈ ನೋಡಿದ ಕೂಡಲೇ, ನಿಮಗೆ ಗವಸು ಕೊಟ್ಟಿರಲಿಲ್ಲವೇ ಎಂದು ಕೇಳಿದರು. ಕೊಟ್ಟಿದ್ದಾರೆ, ಚೆನ್ನಾಗಿವೆ ಎಂದೆ. ಅವರು ಉಂಗುರದ ಬೆರಳನ್ನೂ ಕಿರುಬೆರಳನ್ನೂ ಬುಡದಿಂದ ತೆಗೆದರು.

ಎರಡು ತಿಂಗಳು ನಾನು ಮನೆಯಲ್ಲಿ ಬಿದ್ದಿದ್ದಾಗ ಎಕ್ಸ್‌ರೇ ಕೋಣೆಗೆ ಬೀಗ ಹಾಕಿತ್ತು. ನಾಲ್ಕು ತಾಲ್ಲೂಕು ಮುಳುಗಿಹೋಗಲಿಲ್ಲ. ನಾನು ಹೋದ ದಿನವೇ ಬೀಗ ತೆಗೆದರು, ಎರಡು ತಿಂಗಳ ಜನವೂ ಒಟ್ಟಿಗೆ ಬಂದರು. ಮೊದಲನೆಯವನು ಎಂದಿನಂತೆ ಕೈ ಕೇಳಿದ. ನಾನು ಎಂದಿನಂತೆ ಎಡಗೈಯನ್ನು ಪರದೆಯ ಹಿಂದೆ ಇಟ್ಟೆ. ಮೂರು ಬೆರಳು ಕಂಡವು. ಅವನು ಎದ್ದುಬಿದ್ದು ಓಡಿದ, ಅವನ ಹಿಂದೆ ಸಾಲೂ ಕರಗಿತು. ಮಿಷನ್ನು ಬೆರಳು ತಿನ್ನುತ್ತದೆ ಎಂದು ಊರೆಲ್ಲ ಗುಲ್ಲಾಯಿತು. ಆ ಒಂದು ವಿಷಯದಲ್ಲಿ ಜನ ಕಮಿಟಿಗಿಂತ ಬುದ್ಧಿವಂತರು. ಆದರೆ ನಿಜವಾಗಿ ಎದೆ ನೋಡಿಸಿಕೊಳ್ಳಬೇಕಾದವರೂ, ಕಾಲು ಮುರಿದವರೂ ಬಾರದೆ ಹೋದರು.

ಡಾಕ್ಟರು ಸಂಜೆ ನನ್ನ ಪಕ್ಕ ಬಂದು ಕೂತರು. ನನ್ನ ಕೈ ನೋಡಿ ನಿಟ್ಟುಸಿರು ಬಿಟ್ಟರು. ನಿಜವಾಗಿಯೂ ಬೇಸರಪಟ್ಟುಕೊಂಡಿದ್ದರು.

“ಏನು ಮಾಡೋದಯ್ಯ” ಎಂದರು. “ಬಲಗೈ ಇದೆಯಲ್ಲ.”

ಮಾರನೆಯ ದಿನದಿಂದ ಬಲಗೈ ತೋರಿಸತೊಡಗಿದೆ. ಯಾರಾದರೂ ಬಲವಂತ ಮಾಡಿದರೇ ಎಂದರೆ ಇಲ್ಲ. ಕೈ ತಾನಾಗಿಯೇ ಹೋಗುತ್ತಿತ್ತು. ಬರೆಯುವ ಕೈ, ಉಣ್ಣುವ ಕೈ, ಮಗಳ ತಲೆ ಸವರುವ ಕೈ. ಪರದೆಯ ಮೇಲೆ ಐದು ಬೆರಳು ಕಂಡ ಕೂಡಲೇ ಜನಕ್ಕೆ ಸಮಾಧಾನವಾಗಿ ಸಾಲು ಮತ್ತೆ ಬೆಳೆಯಿತು. ಎಡಗೈಯನ್ನು ಜುಬ್ಬದ ಜೇಬಿನಲ್ಲಿ ಮುಚ್ಚಿಟ್ಟುಕೊಂಡಿರುತ್ತಿದ್ದೆ. ಮನೆಯಲ್ಲಿ ಈ ವಿಷಯ ಹೇಳಲಿಲ್ಲ. ಕೆಲವು ತಿಂಗಳಿಗೆ ಬಲಗೈ ಹೆಬ್ಬೆರಳ ಉಗುರಿನಲ್ಲಿ ಮೊದಲ ಗೀರು ಕಂಡಿತು. ಎಡಗೈಯಲ್ಲಿ ಶುರುವಾದದ್ದೂ ಹಾಗೆಯೇ. ನೋಡಿ, ಕನ್ನಡಕ ಸರಿಮಾಡಿಕೊಂಡು, ಮುಂದಿನವರನ್ನು ಕರೆದೆ.

ಒಂದು ಸಂತೆಯ ದಿನ ಇಬ್ಬರು ಹೆಂಗಸರು ಒಳಗೆ ಬಂದರು. ಅತ್ತೆ, ಸೊಸೆ. ಸೊಸೆಗೆ ಬಹಳ ದಿನದಿಂದ ಕೆಮ್ಮು. ಕತ್ತಲಲ್ಲಿ ಯಾರ ಮುಖವೂ ನನಗೆ ಕಾಣುತ್ತಿರಲಿಲ್ಲ, ಕಾಣುವುದು ಬೇಕೂ ಇರಲಿಲ್ಲ. ಸೊಸೆ ಹೆದರಿ ಗೋಡೆಗೆ ಅಂಟಿ ನಿಂತಳು. ಅವಳು ಕೇಳುವುದಕ್ಕೆ ಮುಂಚೆಯೇ ನಾನು ಬಲಗೈಯನ್ನು ಪರದೆಯ ಹಿಂದೆ ಇಟ್ಟು ಸ್ವಿಚ್ಚು ಒತ್ತಿದೆ. ಮುಷ್ಟಿ ಹಿಡಿದೆ, ಬಿಚ್ಚಿದೆ, ಹೆಬ್ಬೆರಳು ಆಡಿಸಿದೆ. ಅತ್ತೆ ಹತ್ತಿರ ಬಂದು ಬಗ್ಗಿ ನೋಡಿದಳು.

“ಇದು ಆ ಕೈ ಅಲ್ಲ” ಎಂದಳು. “ನಂಗೆ ತೋರ್ಸಿದ್ದು ಆ ಕಡೆ ಕೈ ಕಣಪ್ಪ. ಉಂಗ್ರ ಇತ್ತು.”

ಆಗ ಗುರುತಾಯಿತು. ಹನಗೋಡಿನ ಗೌಡಮ್ಮ. ದನಿ ಒಡೆದಿತ್ತು, ಆದರೆ ಹುಕುಂ ಮಾಡುವ ಧಾಟಿ ಅದೇ. ಉಂಗುರ ಕತ್ತರಿಸಿ ತೆಗೆಸಿದೆ ಎಂದೆ. ಕೈ ತೋರ್ಸಿ ಎಂದಳು. ಬೇಡ ಬಿಡಿ ಎಂದೆ. ತೋರ್ಸಿ ಎಂದಳು ಮತ್ತೆ. ಜೇಬಿನಿಂದ ಎಡಗೈ ತೆಗೆದು ಪರದೆಯ ಹಿಂದೆ ಇಟ್ಟೆ. ಹಸಿರು ಬೆಳಕಿನಲ್ಲಿ ಮೂರು ಬೆರಳು ಕಂಡವು. ಸೊಸೆ ಸಣ್ಣಗೆ ಕೂಗಿಕೊಂಡಳು. ಗೌಡಮ್ಮ ಓಡಲಿಲ್ಲ. ಬಹಳ ಹೊತ್ತು ನೋಡುತ್ತಲೇ ನಿಂತಳು. ನಾನೂ ಸ್ವಿಚ್ಚಿನಿಂದ ಕಾಲು ತೆಗೆಯುವುದನ್ನು ಮರೆತಿದ್ದೆ.

“ನಾ ಕೇಳಿದ್ದಕ್ಕಾ ಇಂಗಾಗಿದ್ದು?”

ಒಂಬತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಕಮಿಟಿ ಕೇಳಲಿಲ್ಲ, ಡಾಕ್ಟರು ಕೇಳಲಿಲ್ಲ, ನಾನೇ ನನ್ನನ್ನು ಕೇಳಿಕೊಂಡಿರಲಿಲ್ಲ. ನಿಮ್ಮೊಬ್ಬರಿಂದ ಆದದ್ದಲ್ಲಮ್ಮ, ಬಹಳ ಜನ ಕೇಳಿದರು, ನಾನು ಎಲ್ಲರಿಗೂ ತೋರಿಸಿದೆ ಎಂದು ಹೇಳಹೊರಟೆ. ಆ ಕತ್ತಲೆಯಲ್ಲಿ, ಇಬ್ಬರು ಹೆಂಗಸರ ಮುಂದೆ, ಗೋಡೆಗೆ ಒರಗಿ ಅತ್ತುಬಿಟ್ಟೆ. ಉಸಿರು ಹಿಡಿ ಎಂದು ಅವರ್ಯಾರೂ ಹೇಳಲಿಲ್ಲ.

ಗೌಡಮ್ಮ ತಡವಿಕೊಂಡು ಬಂದು ನನ್ನ ಎರಡು ಕೈಗಳನ್ನೂ ಹಿಡಿದು ಮಿಷನ್ನಿನಿಂದ ಈಚೆಗೆ ಎಳೆದಳು. ಸೊಸೆಯನ್ನು ತಾನೇ ದೂಡಿ ಪರದೆಯ ಹಿಂದೆ ನಿಲ್ಲಿಸಿದಳು. ನೋಡಿದೆ. ಬಲಗಡೆ ಎದೆಯಲ್ಲಿ ಕಲೆಯಿತ್ತು, ನಿಜವಾದ ಕಾಯಿಲೆ, ಚೀಟಿ ಬರೆದು ಡಾಕ್ಟರ ಹತ್ತಿರ ಕಳಿಸಿದೆ. ಸೊಸೆ ಹೋದ ಮೇಲೂ ಗೌಡಮ್ಮ ಹೋಗಲಿಲ್ಲ. ಎಕ್ಸ್‌ರೇ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಕಾಲು ಚಾಚಿ ಕೂತು, ಎಲೆಯಡಿಕೆ ಚೀಲ ಬಿಚ್ಚಿದಳು. ಸಾಲಿನಲ್ಲಿದ್ದ ಒಬ್ಬೊಬ್ಬರಿಗೂ ಹೇಳುತ್ತಿದ್ದದ್ದು ಒಳಗೆ ನನಗೆ ಕೇಳುತ್ತಿತ್ತು.

“ಯಾರೂ ಅವುರ್ ಕೈ ಕೇಳ್ಬ್ಯಾಡಿ. ನಾ ನೋಡಿವ್ನಿ. ಬರೀ ಮೂಳೆ ಕಾಣ್ತದೆ, ಇನ್ನೇನೂ ಇಲ್ಲ. ನನ್ನ ಮಾತು ನಂಬ್ದೇ ಇರೋರು ಎದ್ದೋಗಿ.”

ಬಿಕ್ಕಳಿಕೆಯವರು, ಮಂಡಿನೋವಿನವರು ಗೊಣಗಿಕೊಂಡು ಎದ್ದುಹೋದರು. ಕಾಯಿಲೆಯವರು ಕೂತರು. ಮುಂದಿನ ಮೂರು ಸಂತೆಗೂ ಗೌಡಮ್ಮ ಸೊಸೆಯ ಔಷಧಿಯ ನೆಪದಲ್ಲಿ ಬಂದು ಅದೇ ಬಾಗಿಲಲ್ಲಿ ಕೂತಳು. ನಾಲ್ಕನೆಯ ಸಂತೆಯಲ್ಲಿ ಅವಳು ಬಾರದಿದ್ದರೂ ಯಾರೂ ಕೈ ಕೇಳಲಿಲ್ಲ. ಸಂಪ್ರದಾಯ ಶುರುಮಾಡಿದವಳೇ ಅದನ್ನು ನಿಲ್ಲಿಸಿದಳು. ರಜಾ ಅರ್ಜಿಯನ್ನು ನಾನು ತಪ್ಪು ವಿಳಾಸಕ್ಕೆ ಬರೆದಿದ್ದೆ.

ಅವಳು ಬಾಗಿಲಲ್ಲಿ ಕೂತ ಮೊದಲ ದಿನವೇ ಬೀರುವಿನ ಬೀಗ ತೆಗೆದು ಗವಸು ಹಾಕಿಕೊಂಡೆ. ಎಡಗೈ ಗವಸಿನ ಎರಡು ಬೆರಳು ಖಾಲಿಯಾಗಿ ಜೋತಾಡುತ್ತಿದ್ದವು, ಮಡಚಿ ದಾರ ಕಟ್ಟಿಕೊಂಡೆ. ಬಲಗೈಯ ಉಗುರು ಮುಂದಕ್ಕೆ ಸೀಳಲಿಲ್ಲ. ಆ ವರ್ಷವೂ ಕಮಿಟಿಯವರು ತನಿಖೆಗೆ ಬಂದರು. ಗವಸುಗಳನ್ನು ಹಿಗ್ಗಿಸಿ ನೋಡಿ, ಮುಖ ಗಂಟಿಕ್ಕಿಕೊಂಡು ಹೋದರು. ಇಷ್ಟು ವರ್ಷ ಹೊಸದರಂತೆ ಕಾಪಾಡಿದ್ದ ಕೈಗವಸುಗಳು ಒಂದೇ ವರ್ಷದಲ್ಲಿ ಮಾಸಿ ಸವೆದಿರುವುದಕ್ಕೆ ಆಪರೇಟರರು ವಿವರಣೆ ಕೊಡತಕ್ಕದ್ದು ಎಂದು ಹಿಂದೆಯೇ ಕಾಗದ ಬಂತು.

ವಿವರಣೆಯನ್ನು ಬಲಗೈಯಲ್ಲೇ, ದುಂಡಗೆ ಬರೆದೆ. ಮಾಸಿರುವುದು ಹತ್ತು ಬೆರಳುಗಳ ಪೈಕಿ ಎಂಟು ಮಾತ್ರ, ಎಡಗೈಯ ಎರಡು ಬೆರಳುಗಳು ಹೊಸದರಂತೆಯೇ ಇವೆ, ಪರಿಶೀಲಿಸಬಹುದು ಎಂದು ತಿಳಿಸಿದೆ.